ದಿನ ತುಂಬದ ಕೂಸು ಮತ್ತು ನಮ್ಮ ಅಂತಃಸಾಕ್ಷಿ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕುಟುಂಬ ದಿನಾಚರಣೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ಈ ಸ್ಮರಣ ಸಂಚಿಕೆಯ ಸಿದ್ಧತೆಗಾಗಿ ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ಒಂದೊಂದಾಗಿ ತೆರೆದು ಓದಿದೆ. ಮಲೆನಾಡಿನ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಹುಳು ತಿಂದ ಕಡೆ ಅಕ್ಷರಗಳು ಮಾಯವಾಗಿದ್ದವು. ಹಿಂದಿನ ಗುರುಗಳು ಲತೀನ್ ಭಾಷೆಯಲ್ಲಿ ಬರೆಯುತ್ತಿದ್ದರು. ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ ಮತ್ತೆ ಮತ್ತೆ ಒಂದೇ ಟಿಪ್ಪಣಿ ಕಾಣಸಿಕ್ಕಿತು: ಮರಣಾಪಾಯದಲ್ಲಿ ಕೊಟ್ಟದ್ದು. ಕೊಟ್ಟವರು ಯಾರು ಎಂಬಲ್ಲಿ ಗುರುಗಳ ಹೆಸರಿಲ್ಲ. ಸೂಲಗಿತ್ತಿ, ಉಪದೇಶಿ, ಒಂದು ಕಡೆ ತೋಟದ ಕಾಂಪೌಂಡರ್ ಎಂದಿದೆ. ಅದೇ ಹೆಸರು ಮೃತರ ಪುಸ್ತಕದಲ್ಲಿ ಮರುದಿನದ ತಾರೀಖಿನಲ್ಲಿ ಸಿಗುತ್ತದೆ. ವಯಸ್ಸಿನ ಅಂಕಣದಲ್ಲಿ ಒಂದು ಗಂಟೆ, ಒಂದು ರಾತ್ರಿ, ಎರಡು ದಿನ ಎಂದು ಬರೆದಿದೆ. ಅಂಥವು ಎಷ್ಟೆಂದು ನಾನು ಎಣಿಸಲಿಲ್ಲ, ಎಣಿಸುವ ಮನಸ್ಸಾಗಲಿಲ್ಲ. ಜ್ಞಾನಸ್ನಾನಕ್ಕೆ ಮೊದಲೇ ಕಣ್ಣು ಮುಚ್ಚಿದ ಕೂಸುಗಳಂತೂ ಎರಡೂ ಪುಸ್ತಕಗಳಲ್ಲಿ ಇಲ್ಲ. ಅವುಗಳನ್ನು ಸ್ಮಶಾನದ ಬೇಲಿಯ ಬದಿಯ ಹಲಸಿನ ಮರದ ಕೆಳಗೆ ಮಣ್ಣು ಮಾಡುತ್ತಿದ್ದರೆಂದು ಹಿರಿಯರು ಬೆರಳು ತೋರಿಸಿ ಹೇಳುತ್ತಾರೆ.

ಇಂದು ನನಗೆ ಕೊಟ್ಟಿರುವ ವಿಷಯ ‘ಕುಟುಂಬ ಮತ್ತು ಜೀವಸಂರಕ್ಷಣೆ’. ಅದು ಬಹಳ ವಿಸ್ತಾರವಾದ ವಿಷಯ. ನಾನು ಅದರ ಒಂದೇ ಮೂಲೆಯನ್ನು ಹಿಡಿದು ಮಾತನಾಡುತ್ತೇನೆ. ತೀರಾ ದಿನ ತುಂಬದೆ ಹುಟ್ಟಿದ ಮಗುವಿಗೆ ಯಾವ ಚಿಕಿತ್ಸೆಯನ್ನು ಕೊಡಿಸಲೇಬೇಕು, ಯಾವುದನ್ನು ಕೊಡಿಸದಿದ್ದರೆ ಪಾಪವಲ್ಲ, ಕೊಡುತ್ತಿರುವುದನ್ನು ಯಾವಾಗ ನಿಲ್ಲಿಸಬಹುದು? ಇದು ಪಂಡಿತರ ಚರ್ಚೆಗೆ ಸೇರಿದ ಪ್ರಶ್ನೆಯೆಂದು ನೀವು ಭಾವಿಸಬಹುದು. ಆದರೆ ಈಚಿನ ವರ್ಷಗಳಲ್ಲಿ ಈ ಪ್ರಶ್ನೆ ಮಧ್ಯರಾತ್ರಿಯ ದೂರವಾಣಿ ಕರೆಯಾಗಿ ನನ್ನ ಬಳಿಗೆ ಬಂದಿದೆ, ಒಂದಲ್ಲ, ಹಲವು ಬಾರಿ. ಆಗ ಉತ್ತರ ಹೇಳಲು ಐದು ನಿಮಿಷವಷ್ಟೇ ಇರುತ್ತದೆ. ಇಂದು ನಮಗೆ ಒಂದು ಗಂಟೆಯಿದೆ.

ಮೊದಲು ಮಗುವಿನ ಸ್ಥಿತಿಯನ್ನು ತಿಳಿಯೋಣ. ತುಂಬು ಬಸಿರೆಂದರೆ 40 ವಾರ. 37 ವಾರಕ್ಕೆ ಮುಂಚೆ ಹುಟ್ಟಿದರೆ ಅಕಾಲ ಜನನ. 28 ವಾರಕ್ಕೂ ಮುಂಚೆ ಹುಟ್ಟಿದರೆ ಅದನ್ನು ಅತ್ಯಂತ ಅಕಾಲ ಜನನವೆಂದು ವಿಶ್ವ ಆರೋಗ್ಯ ಸಂಸ್ಥೆ ವಿಂಗಡಿಸಿದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಅಕಾಲದಲ್ಲಿ ಹುಟ್ಟಿದವು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಬಹುಪಾಲು 32 ವಾರ ದಾಟಿದವು. ಬೆಚ್ಚಗಿಟ್ಟು, ಹಾಲು ಕುಡಿಸಿ, ಸೋಂಕು ತಗಲದಂತೆ ನೋಡಿಕೊಂಡರೆ ಬದುಕತಕ್ಕವು. ಕಠಿಣವಾದ ಪ್ರಶ್ನೆ ಏಳುವುದು 28ರ ಕೆಳಗೆ, ಅದರಲ್ಲೂ 25ರ ಕೆಳಗೆ. ಆ ಕೂಸು ಮುಕ್ಕಾಲು ಕಿಲೋ ಸಕ್ಕರೆಯಷ್ಟು ತೂಗುವುದಿಲ್ಲ. ಚರ್ಮದ ಕೆಳಗಿನ ನರಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಕೆಲವಕ್ಕೆ ಕಣ್ಣಿನ ರೆಪ್ಪೆ ಇನ್ನೂ ಬಿಡಿಸಿಕೊಂಡಿರುವುದಿಲ್ಲ. ಶ್ವಾಸಕೋಶದ ಗುಳ್ಳೆಗಳು ಉಸಿರು ಬಿಟ್ಟೊಡನೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟದಂತೆ ತಡೆಯುವ ಸ್ನಿಗ್ಧ ದ್ರವ ಇನ್ನೂ ಸಾಕಷ್ಟು ಊರಿರುವುದಿಲ್ಲ. ಮೆದುಳಿನ ರಕ್ತನಾಳಗಳು ನೂಲಿನೆಳೆಯಂತಿದ್ದು ಬೇಗ ಒಡೆಯುತ್ತವೆ. ಕರುಳು ಹಾಲಿಗೆ ಸಿದ್ಧವಾಗಿರುವುದಿಲ್ಲ.

ಆ ಸ್ನಿಗ್ಧ ದ್ರವದ ಕೊರತೆಯೇ ಈ ಶಿಶುಗಳ ಉಸಿರಾಟದ ತೊಂದರೆಗೆ ಕಾರಣವೆಂದು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ಎಂಬ ವಿಜ್ಞಾನಿಗಳು ತೋರಿಸಿದರು. ನಾಲ್ಕು ವರ್ಷಗಳ ಬಳಿಕ, 1963ರ ಆಗಸ್ಟ್ 7ರಂದು, ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಒಬ್ಬ ಮಗ ಹುಟ್ಟಿದ. ಐದೂವರೆ ವಾರ ಮುಂಚಿತವಾಗಿ ಹುಟ್ಟಿದ್ದ ಅವನು ಎರಡು ಕಿಲೋಗೂ ಸ್ವಲ್ಪ ಹೆಚ್ಚೇ ತೂಗುತ್ತಿದ್ದ. ಕಥೋಲಿಕ ಕುಟುಂಬವಾದ್ದರಿಂದ ಕೂಡಲೇ ಜ್ಞಾನಸ್ನಾನ ಕೊಡಿಸಿ ಪ್ಯಾಟ್ರಿಕ್ ಎಂದು ಹೆಸರಿಟ್ಟರು. ಬಾಸ್ಟನ್ ನಗರದ ಶ್ರೇಷ್ಠ ವೈದ್ಯರು, ಹೊಸ ಯಂತ್ರಗಳು, ಒಂದು ಮಹಾರಾಷ್ಟ್ರದ ಸಂಪತ್ತು ಎಲ್ಲವೂ ಇದ್ದವು. 39 ಗಂಟೆಗಳಲ್ಲಿ ಮಗು ತೀರಿಕೊಂಡಿತು. ಆ ಮರಣದ ನಂತರ ಈ ಕ್ಷೇತ್ರದಲ್ಲಿ ಸಂಶೋಧನೆ ಚುರುಕಾಯಿತು. 1980ರಲ್ಲಿ ಜಪಾನಿನ ಫುಜಿವಾರ ಎಂಬ ವೈದ್ಯರು ಆ ದ್ರವವನ್ನು ಹೊರಗಿನಿಂದ ಶ್ವಾಸಕೋಶಕ್ಕೆ ಹಾಕಿ ಶಿಶುಗಳನ್ನು ಉಳಿಸಿದ ವರದಿಯನ್ನು ಪ್ರಕಟಿಸಿದರು. ಅಮೆರಿಕದ ಅಧ್ಯಕ್ಷನಿಗೆ 1963ರಲ್ಲಿ ದೊರೆಯದಿದ್ದ ಚಿಕಿತ್ಸೆ ಇಂದು ನಮ್ಮ ತೋಟದ ಕೂಲಿಯವನ ಮಗುವಿಗೂ ದೊರೆಯಬಲ್ಲದು. ಅದೇ ತೂಕದ ಮಗುವನ್ನು ಇಂದು ಮನೆಯಲ್ಲೇ ಸಾಯಲು ಬಿಟ್ಟರೆ ಅದು ಕರ್ತವ್ಯಲೋಪ. ಮಗು ಅದೇ, ನಿಯಮ ಅದೇ, ಬದಲಾದದ್ದು ಕಾಲ.

ಹಾಗೆಂದು ಹೆಚ್ಚು ಚಿಕಿತ್ಸೆಯೆಲ್ಲ ಒಳ್ಳೆಯ ಚಿಕಿತ್ಸೆಯೇ? 1940ರ ದಶಕದಲ್ಲಿ ಶ್ರೀಮಂತ ದೇಶಗಳ ಆಸ್ಪತ್ರೆಗಳು ದಿನ ತುಂಬದ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟವು. ಉದ್ದೇಶ ಪ್ರೀತಿಯದೇ. ಆದರೆ ಸುಮಾರು 10,000 ಮಕ್ಕಳು ಕುರುಡಾದರು. ಕಾರಣ ಅತಿಯಾದ ಆಮ್ಲಜನಕವೆಂದು 1951ರಲ್ಲಿ ಆಸ್ಟ್ರೇಲಿಯದ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ ಎಚ್ಚರಿಸಿದರು. ಅನಂತರ ಹೆದರಿ ಆಮ್ಲಜನಕವನ್ನು ತೀರಾ ಬಿಗಿಹಿಡಿದಾಗ ಉಸಿರಿಲ್ಲದೆ ಸತ್ತ ಮಕ್ಕಳ ಸಂಖ್ಯೆ ಹೆಚ್ಚಿತು. ಅತಿಗೂ ಮಿತಿಗೂ ನಡುವಿನ ದಾರಿ ಅಷ್ಟು ಇಕ್ಕಟ್ಟಾದುದು. ಆ ಕಣ್ಣಿನ ರೋಗ ಇಂದಿಗೂ ಇದೆ, ಆದರೆ ಮೊದಲ ವಾರಗಳಲ್ಲೇ ಕಂಡುಹಿಡಿದರೆ ದೃಷ್ಟಿಯನ್ನು ಉಳಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ನಮ್ಮ ರಾಜ್ಯದ ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಕಣ್ಣಿನ ಚಿತ್ರಗಳನ್ನು ದೂರದಲ್ಲಿರುವ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದು ಕಣ್ಣಿನ ಪರೀಕ್ಷೆಗೆ ಕರೆದರೆ, ಕಾಫಿ ಕೊಯ್ಲಿನ ಕಾಲವೆಂದು ತಪ್ಪಿಸಬೇಡಿ. ತಡವಾದರೆ ಹೋದ ದೃಷ್ಟಿ ಮರಳಿ ಬಾರದು.

ಇನ್ನು ಧರ್ಮಸಭೆಯ ಬೋಧನೆಗೆ ಬರುತ್ತೇನೆ. ನಾನು ಜೆಪ್ಪುವಿನ ಸಂತ ಜೋಸೆಫರ ಗುರುಮಠದಲ್ಲಿ ಓದುತ್ತಿದ್ದಾಗ ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ಸಾಧಾರಣ ಉಪಾಯ, ಅಸಾಧಾರಣ ಉಪಾಯ ಎಂಬ ಎರಡು ಪದಗಳನ್ನು ಕಲಿಸಿದರು. ಪ್ರಾಣವನ್ನು ಉಳಿಸಿಕೊಳ್ಳಲು ಸಾಧಾರಣ ಉಪಾಯಗಳನ್ನು ಬಳಸುವ ಕರ್ತವ್ಯವಿದೆ. ಅಸಾಧಾರಣ ಉಪಾಯಗಳನ್ನು ಬಳಸಬಹುದು, ಬಳಸಲೇಬೇಕೆಂಬ ಬಾಧ್ಯತೆಯಿಲ್ಲ. ಈ ವಿವೇಚನೆ ಯಂತ್ರಗಳ ಯುಗಕ್ಕಿಂತ ಬಹಳ ಹಳೆಯದು. 16ನೆಯ ಶತಮಾನದ ಸ್ಪೇನಿನ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ, ಕೋಳಿ ಮಾಂಸ ತಿಂದರೆ ಆಯುಸ್ಸು ಬೆಳೆಯುವುದೆಂದು ವೈದ್ಯ ಹೇಳಿದರೂ ರೋಗಿ ಅದನ್ನು ತಿನ್ನಲೇಬೇಕೆಂದಿಲ್ಲ, ಎಲ್ಲರೂ ಉಣ್ಣುವ ಊಟ ಸಾಕು ಎಂದು ತೀರ್ಮಾನಿಸಿದರು. ತರಗತಿಯಲ್ಲಿ ನಾವೆಲ್ಲ ನಕ್ಕೆವು. ಆ ಕಾಲದ ಬಡವನಿಗೆ ಕೋಳಿಯೇ ವೆಂಟಿಲೇಟರ್ ಆಗಿತ್ತೆಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರು ಕೃತಕ ಉಸಿರಾಟದ ಯಂತ್ರದ ಕುರಿತು ಕೇಳಿದ ಪ್ರಶ್ನೆಗಳಿಗೆ ಹನ್ನೆರಡನೆಯ ಪಯಸ್ ಜಗದ್ಗುರುಗಳು ಉತ್ತರಿಸಿದರು. ಯಾವುದು ಸಾಧಾರಣ ಎಂಬುದು ವ್ಯಕ್ತಿ, ಸ್ಥಳ, ಕಾಲ, ಸಂಸ್ಕೃತಿಗಳನ್ನು ಅವಲಂಬಿಸಿದೆ. ತನಗಾಗಲಿ ಇತರರಿಗಾಗಲಿ ಭಾರವಾದ ಹೊರೆಯಾಗುವ ಉಪಾಯಕ್ಕೆ ಯಾರೂ ಬದ್ಧರಲ್ಲವೆಂಬುದು ಅವರ ಉತ್ತರದ ತಿರುಳು. 1980ರ ಮೇ 5ರ ಘೋಷಣೆಯಲ್ಲಿ ವಿಶ್ವಾಸ ಬೋಧನಾ ಪೀಠವು ಇದನ್ನು ಇನ್ನಷ್ಟು ಬಿಡಿಸಿತು: ಚಿಕಿತ್ಸೆ ಎಂಥದು, ಅದರ ಕಷ್ಟ ಮತ್ತು ಅಪಾಯ ಎಷ್ಟು, ಖರ್ಚು ಎಷ್ಟು, ಅದರಿಂದ ನಿರೀಕ್ಷಿಸಬಹುದಾದ ಫಲವೇನು, ರೋಗಿಯ ದೇಹಸ್ಥಿತಿ ಹೇಗಿದೆ ಎಂಬುದನ್ನೆಲ್ಲ ಒಟ್ಟಿಗೆ ತೂಗಿ ನೋಡಬೇಕು. ಖರ್ಚಿನ ಮಾತನ್ನು ಧರ್ಮಸಭೆಯೇ ಎತ್ತಿದೆಯೆಂಬುದನ್ನು ಗಮನಿಸಿ. ಬಡವನು ಹಣದ ಬಗ್ಗೆ ಯೋಚಿಸಿದರೆ ಪ್ರೀತಿಯಿಲ್ಲದವನೆಂದು ಯಾರೂ ಹೀಯಾಳಿಸಬಾರದು.

ಆದರೆ ತಕ್ಕಡಿಯಲ್ಲಿ ಇಡಬೇಕಾದದ್ದು ಚಿಕಿತ್ಸೆಯನ್ನು. ಮಗುವನ್ನು ಅದರಲ್ಲಿ ಇಡುವಂತಿಲ್ಲ. ‘ಉಳಿದರೂ ಕುಂಟಾಗಬಹುದು, ಬುದ್ಧಿ ಮಂದವಾಗಬಹುದು, ಅಂಥ ಮಗು ನಮಗೇಕೆ?’ ಎಂಬ ಮಾತು ಚಿಕಿತ್ಸೆಯ ಭಾರವನ್ನು ತೂಗುವುದಿಲ್ಲ, ಮಗುವಿಗೆ ಬೆಲೆ ಕಟ್ಟುತ್ತದೆ. 1982ರಲ್ಲಿ ಅಮೆರಿಕದ ಇಂಡಿಯಾನ ಸಂಸ್ಥಾನದ ಬ್ಲೂಮಿಂಗ್ಟನ್ ಎಂಬ ಊರಿನಲ್ಲಿ ಹುಟ್ಟಿನಿಂದಲೇ ಬುದ್ಧಿಮಾಂದ್ಯದ ಲಕ್ಷಣಗಳಿದ್ದ ಮಗುವಿಗೆ ಅನ್ನನಾಳವೂ ಮುಚ್ಚಿಕೊಂಡಿತ್ತು. ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದಾಗಿತ್ತು. ತಂದೆತಾಯಿ ಬೇಡವೆಂದರು, ನ್ಯಾಯಾಲಯ ಅವರಿಗೆ ಬಿಟ್ಟುಕೊಟ್ಟಿತು. ಆರು ದಿನಗಳಲ್ಲಿ ಮಗು ಸತ್ತಿತು. ಅಲ್ಲಿ ಚಿಕಿತ್ಸೆ ಅತಿಭಾರವಾಗಿತ್ತೆಂದು ಹೇಳಲಾಗದು; ಬೇಡವಾದದ್ದು ಮಗುವೇ. ನಮ್ಮಲ್ಲೂ ಹೆಣ್ಣುಕೂಸಾದರೆ ‘ಇರಲಿ, ಮನೆಗೆ ಒಯ್ಯೋಣ’ ಎಂಬ ಮಾತು ಬೇಗ ಬರುತ್ತದೆ. ನಮ್ಮ ದೇಶದ ಸರ್ಕಾರಿ ಶಿಶು ಘಟಕಗಳಲ್ಲಿ ದಾಖಲಾಗುವ ಹೆಣ್ಣುಮಕ್ಕಳ ಸಂಖ್ಯೆ ಗಂಡುಮಕ್ಕಳಿಗಿಂತ ಕಡಿಮೆ. ಗಂಡುಶಿಶುಗಳಿಗೆ ಸ್ವಭಾವತಃ ಕಾಯಿಲೆ ಹೆಚ್ಚೆಂಬುದು ನಿಜ. ಆದರೆ ಅಂತರವೆಲ್ಲ ಅಷ್ಟರಿಂದಲೇ ಬಂದುದಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು.

ನಿಯಮ ಹೇಳುವುದು ಸುಲಭ. ನಾನೇ ಅದನ್ನು ಎರಡು ಬಾರಿ ತಪ್ಪಾಗಿ ಬಳಸಿದ್ದೇನೆ. ಇದನ್ನು ಮುಚ್ಚಿಟ್ಟು ನಿಮಗೆ ಬೋಧಿಸುವುದು ಸರಿಯಲ್ಲ.

1991ರ ಜುಲೈ ತಿಂಗಳು. ಇದೇ ಗುಡ್ಡಗಳ ಇನ್ನೊಂದು ಧರ್ಮಕೇಂದ್ರದಲ್ಲಿ ನಾನು ಸಹಾಯಕ ಗುರುವಾಗಿದ್ದೆ. ರಾತ್ರಿ ತೋಟದ ಲೈನ್ ಮನೆಯಿಂದ ಕರೆ ಬಂತು. ಎಂಟನೆಯ ತಿಂಗಳು ಹಿಡಿಯುವ ಹೊತ್ತಿಗೆ ಹುಟ್ಟಿದ ಗಂಡುಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಿದಿರ ಬುಟ್ಟಿಯಲ್ಲಿ ಮಲಗಿಸಿದ್ದರು. ರೈಟರು ಕಾಫಿ ತೂಗುವ ತಕ್ಕಡಿಯಲ್ಲಿ ತೂಗಿ ನೋಡಿದ್ದರು, ಒಂದೂಕಾಲು ಕಿಲೋ. ನಾನು ಜ್ಞಾನಸ್ನಾನ ಕೊಟ್ಟೆ. ತಂದೆ ಕೈಮುಗಿದು ಕೇಳಿದ: “ಫಾದರ್, ಕೇಳಿದ್ರೆ ಸಾಹುಕಾರ್ರು ಜೀಪು ಕೊಡ್ತಾರೆ. ಮಂಗಳೂರಿಗೆ ತಗೊಂಡು ಹೋಗ್ಲಾ?” ಹೊರಗೆ ಶಿರಾಡಿಯ ಮಳೆ ಸುರಿಯುತ್ತಿತ್ತು. “ಘಾಟಿಯಲ್ಲಿ ದಾರಿ ಕೆಟ್ಟಿದೆ, ಅರ್ಧ ದಾರಿಯಲ್ಲೇ ಹೋಗಿಬಿಟ್ಟರೆ? ದೇವರ ಚಿತ್ತದಂತೆ ಆಗಲಿ,” ಎಂದೆ. ಅವನು ತಲೆಯಾಡಿಸಿದ. ಗುರುಗಳು ಹೇಳಿದ ಮೇಲೆ ಮುಗಿಯಿತು. ಮಗು ಆ ರಾತ್ರಿ, ಮರುದಿನ ಹಗಲು, ಮರುದಿನ ರಾತ್ರಿಯ ಅರ್ಧದವರೆಗೂ ಬದುಕಿತ್ತು. ಎಷ್ಟೋ ವರ್ಷಗಳ ನಂತರ ವೈದ್ಯರಾಗಿದ್ದ ಒಬ್ಬ ಸಿಸ್ಟರ್ ಅವರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಫಾದರ್, ಒಂದೂಕಾಲು ಕಿಲೋ ಮಗು ಅಷ್ಟು ಹೊತ್ತು ತಾನಾಗಿ ಉಸಿರಾಡಿದ್ದರೆ ಅದು ಸಾಯಲೇಬೇಕಾದ ಮಗುವಲ್ಲ. ಬಹುಶಃ ಚಳಿಗೆ ಸತ್ತಿರಬೇಕು,” ಎಂದರು. ನಾನು ದೇವರ ಚಿತ್ತವೆಂದದ್ದು ನನ್ನ ಅಜ್ಞಾನವಾಗಿತ್ತು.

ಎರಡನೆಯದು 2009ರಲ್ಲಿ. ಎರಡು ಎಕರೆ ಕಾಫಿ ಇದ್ದ ಒಂದು ಸಣ್ಣ ಕುಟುಂಬ. ಮಗು 25ನೆಯ ವಾರಕ್ಕೆ, 650 ಗ್ರಾಂ ತೂಕದಲ್ಲಿ ದೂರದ ನಗರವೊಂದರ ಆಸ್ಪತ್ರೆಯಲ್ಲಿ ಹುಟ್ಟಿತು. ಹನ್ನೊಂದನೆಯ ದಿನ ತಂದೆ ದೂರವಾಣಿ ಮಾಡಿದರು. ಮೆದುಳಿನ ಎರಡೂ ಬದಿಯಲ್ಲಿ ತೀವ್ರ ರಕ್ತಸ್ರಾವವಾಗಿತ್ತು, ಕರುಳು ಕೊಳೆತು ತೂತಾಗಿತ್ತು, ನಂಜು ರಕ್ತಕ್ಕೆ ಸೇರಿತ್ತು. ವೈದ್ಯರು ಇನ್ನು ಯಂತ್ರ ಮುಂದುವರಿಸಿದರೆ ಸಾವು ಉದ್ದವಾಗುವುದೇ ಹೊರತು ಮಗು ಉಳಿಯದೆಂದು ಹೇಳಿದ್ದರು. “ಯಂತ್ರ ತೆಗೆಸಿದರೆ ಪಾಪವೇ, ಫಾದರ್?” ಎಂಬುದು ಅವರ ಪ್ರಶ್ನೆ. ನಾನು ವೈದ್ಯರ ಮಾತನ್ನು ವಿಚಾರಿಸಲಿಲ್ಲ, ಮಗು ನರಳುತ್ತಿದೆಯೇ ಎಂದು ಕೇಳಲಿಲ್ಲ. 1991ರ ಬುಟ್ಟಿ ನನ್ನ ಕಣ್ಣ ಮುಂದಿತ್ತು. “ತೆಗೆಸಕೂಡದು, ಅದು ಕೊಲೆಯಾಗುತ್ತದೆ,” ಎಂದುಬಿಟ್ಟೆ. ಅವರು ನನ್ನ ಮಾತಿನಂತೆ ನಡೆದರು. ಇನ್ನೂ ಆರು ದಿನ ಯಂತ್ರ ನಡೆಯಿತು. ಮುಂದಿನ ಎರಡು ವರ್ಷಗಳ ಫಸಲನ್ನು ವ್ಯಾಪಾರಿಗೆ ಮುಂಗಡವಾಗಿ ಬರೆದುಕೊಟ್ಟಿದ್ದರೆಂದು ಅನಂತರ ತಿಳಿಯಿತು. ಸಾಲಕ್ಕಿಂತ ಭಾರವಾದದ್ದು ಬೇರೆಯಿತ್ತು. ಮೂರು ತಿಂಗಳ ಬಳಿಕ ಅವರ ಮನೆಗೆ ಹೋದಾಗ ಆ ತಾಯಿ ಕಾಫಿ ಲೋಟ ನನ್ನ ಮುಂದಿಟ್ಟು ನಿಂತಲ್ಲೇ ಕೇಳಿದರು: “ಅವತ್ತೇ ಯಂತ್ರ ತೆಗೆಸಿದ್ದರೆ ಜೀವ ಇರುವಾಗ ಒಂದು ಸಲ ಎತ್ತಿಕೊಳ್ಳಬಹುದಿತ್ತು ಅಲ್ವಾ, ಫಾದರ್?” ಆ ಹದಿನೇಳು ದಿನ ಆಕೆ ಗಾಜಿನ ಈಚೆಯೇ ನಿಂತಿದ್ದರು. ಕೈಗೆ ಕೊಟ್ಟಾಗ ಮಗು ತಣ್ಣಗಾಗಿತ್ತು.

ಮೊದಲನೆಯ ಮಗುವಿಗೆ ಸಾಧಾರಣವಾದ ಉಪಾಯವನ್ನು ನಾನು ಅಸಾಧಾರಣವೆಂದೆ. ಎರಡನೆಯದಕ್ಕೆ ನಿಷ್ಫಲವಾಗಿ ಹೋಗಿದ್ದ ಉಪಾಯವನ್ನು ಕಡ್ಡಾಯವೆಂದೆ. ಎರಡು ಬಾರಿಯೂ ನಾನು ಕೇಳಲಿಲ್ಲ, ಹೇಳಿದೆ.

ಈಗ ಯಾರಾದರೂ ಕರೆ ಮಾಡಿದರೆ ಮೊದಲು ಎಷ್ಟು ವಾರ, ಎಷ್ಟು ತೂಕ ಎಂದು ಕೇಳುತ್ತೇನೆ. ಮಗು ಚಿಕಿತ್ಸೆಗೆ ಸ್ಪಂದಿಸುತ್ತಿದೆಯೇ? ಯಂತ್ರ ಅದನ್ನು ಬದುಕಿನ ಕಡೆಗೆ ಸಾಗಿಸುತ್ತಿದೆಯೇ, ಇಲ್ಲವೇ ಸಾವನ್ನು ಹಿಡಿದು ನಿಲ್ಲಿಸಿದೆಯೇ? ನೋವಿಗೆ ಏನು ಕೊಡುತ್ತಿದ್ದಾರೆ? ಹಿರಿಯ ವೈದ್ಯರು ತಾಯಿಯ ಎದುರಿಗೇ ಮಾತನಾಡಿದರೇ? ನಮ್ಮಲ್ಲಿ ಬಾಣಂತಿಗೆ ಆಘಾತವಾದೀತೆಂದು ಗಂಡಸರೇ ಹೊರಗೆ ನಿಂತು ತೀರ್ಮಾನಿಸಿಬಿಡುತ್ತಾರೆ. ಮಗುವನ್ನು ಹೊತ್ತವಳಿಗೆ ಅದರ ಸಾವಿನ ಸುದ್ದಿ ಕೊನೆಯಲ್ಲಿ ಮುಟ್ಟುತ್ತದೆ. ಅದು ಕರುಣೆಯಲ್ಲ.

ಆರಂಭದಲ್ಲೇ ಯಾರೂ ಖಚಿತವಾಗಿ ಹೇಳಲಾರರೆಂಬುದನ್ನೂ ಒಪ್ಪಬೇಕು. ನಮ್ಮ ದೇಶದಲ್ಲಿ ಬಹುಕಾಲ 28 ವಾರವನ್ನೇ ಬದುಕಬಲ್ಲ ಎಲ್ಲೆಯೆಂದು ಎಣಿಸುತ್ತಿದ್ದರು. 2018ರಲ್ಲಿ ಹೈದರಾಬಾದಿನಲ್ಲಿ 25 ವಾರಕ್ಕೆ ಹುಟ್ಟಿದ, ಬರೀ 375 ಗ್ರಾಂ ತೂಕದ ಹೆಣ್ಣುಮಗು ಬದುಕಿ ಮನೆಗೆ ಹೋಯಿತು. 2020ರಲ್ಲಿ ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ 21 ವಾರ 1 ದಿನಕ್ಕೆ ಅವಳಿ ಮಕ್ಕಳು ಹುಟ್ಟಿದವು. ತಾಯಿಯ ಕೋರಿಕೆಯಂತೆ ಇಬ್ಬರಿಗೂ ಚಿಕಿತ್ಸೆ ಆರಂಭಿಸಿದರು. 420 ಗ್ರಾಂ ತೂಕದ ಗಂಡುಮಗು ಸ್ಪಂದಿಸಿ ಉಳಿಯಿತು. ತಂಗಿ ಸ್ಪಂದಿಸಲಿಲ್ಲ, ಒಂದು ದಿನದಲ್ಲೇ ತೀರಿಕೊಂಡಳು. ಒಂದೇ ಬಸಿರು, ಒಂದೇ ಆಸ್ಪತ್ರೆ, ಒಂದೇ ಚಿಕಿತ್ಸೆ. ಪತ್ರಿಕೆಗಳು ಉಳಿದವರ ಭಾವಚಿತ್ರವನ್ನು ಮಾತ್ರ ಅಚ್ಚು ಹಾಕುತ್ತವೆ, ಆದ್ದರಿಂದ ಅಂಥ ಸುದ್ದಿ ಓದಿ ಮೋಸಹೋಗಬಾರದು. ಹಾಗೆಯೇ ವಾರದ ಲೆಕ್ಕವೊಂದನ್ನೇ ಹಿಡಿದು ಬಾಗಿಲು ಮುಚ್ಚಲೂಬಾರದು. ಸಂದೇಹವಿರುವಲ್ಲಿ ಚಿಕಿತ್ಸೆಯನ್ನು ಆರಂಭಿಸಿ, ಕೆಲವು ದಿನ ನೋಡಿ, ವೈದ್ಯರೊಡನೆ ಕುಳಿತು ಮತ್ತೆ ತೂಗುವುದು ನ್ಯಾಯವಾದ ಮಾರ್ಗ. ಆರಂಭಿಸಿದ್ದನ್ನು ನಿಲ್ಲಿಸಲೇಬಾರದೆಂಬ ಭಯ ಅನೇಕರಲ್ಲಿದೆ. ಆರಂಭಿಸದಿರಲು ಯಾವ ಕಾರಣ ಸಾಕಾಗುತ್ತಿತ್ತೋ, ನಿಲ್ಲಿಸಲೂ ಅದು ಸಾಕು. ಫಲಕ್ಕೆ ಮೀರಿದ ಹೊರೆಯಾದ ಚಿಕಿತ್ಸೆಯನ್ನು ಕೈಬಿಡುವುದು ಕೊಲೆಯಲ್ಲವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಸ್ಪಷ್ಟವಾಗಿ ಬೋಧಿಸುತ್ತದೆ. ಸಾಯಲೆಂದೇ ಮದ್ದು ಚುಚ್ಚುವುದು ಬೇರೆ; ಅದನ್ನು ಯಾವ ಕಾರಣಕ್ಕೂ ಒಪ್ಪುವಂತಿಲ್ಲ. ಯಂತ್ರ ತೆಗೆದ ಮೇಲೂ ಬೆಚ್ಚಗಿಡುವುದು, ಬಾಯಿ ಒದ್ದೆ ಮಾಡುವುದು, ನೋವು ಶಮನಗೊಳಿಸುವುದು, ಎತ್ತಿಕೊಳ್ಳುವುದು ನಿಲ್ಲುವುದಿಲ್ಲ. 2020ರಲ್ಲಿ ರೋಮಿನಿಂದ ಹೊರಟ, ಒಳ್ಳೆಯ ಸಮಾರಿತನ ಹೆಸರಿನ ಪತ್ರದಲ್ಲಿ ಇಂಥ ಶಿಶುಗಳನ್ನೂ ಅವುಗಳ ತಂದೆತಾಯಿಯರನ್ನೂ ಕೊನೆಯವರೆಗೆ ಜೊತೆಗೂಡಿ ನಡೆಸುವ ವಿಷಯಕ್ಕೆಂದೇ ಒಂದು ಭಾಗವಿದೆ.

ದೇಶದ ಕಾನೂನಿನ ಬಗ್ಗೆ ಒಂದು ಮಾತು. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯ ನಿಷ್ಫಲ ಚಿಕಿತ್ಸೆಯನ್ನು ಹಿಂತೆಗೆಯಲು ದಾರಿ ಮಾಡಿಕೊಟ್ಟಿತು. 2023ರ ಜನವರಿಯಲ್ಲಿ ಆ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಆದೇಶಿಸಿತು. ವೈದ್ಯರ ಮಂಡಳಿಗಳು ಪರಿಶೀಲಿಸಬೇಕೆಂಬುದು ಅದರ ಮುಖ್ಯಾಂಶ. ನ್ಯಾಯಾಲಯ ಬಳಸಿರುವ ‘ನಿಷ್ಕ್ರಿಯ ದಯಾಮರಣ’ ಎಂಬ ಪದ ನನಗೆ ಹಿಡಿಸುವುದಿಲ್ಲ. ನಾನು ಹೇಳುತ್ತಿರುವುದಕ್ಕೆ ದಯಾಮರಣವೆಂಬ ಹೆಸರೇ ಸಲ್ಲದು.

ಇನ್ನು ನಮ್ಮ ಗುಡ್ಡಗಳ ಮಾತು. ಜಗದ್ಗುರುಗಳು ‘ಸ್ಥಳ’ ಎಂದಾಗ ಅವರ ಮನಸ್ಸಿನಲ್ಲಿ ಶಿರಾಡಿ ಘಾಟಿ ಇರಲಿಕ್ಕಿಲ್ಲ. ನಮಗೆ ಅದೇ ಇದೆ. 2018ರ ಆಗಸ್ಟ್‌ನಲ್ಲಿ ಘಾಟಿ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಬಳಿ ಮತ್ತೆ ಗುಡ್ಡ ಜರಿಯಿತು. ಹೆತ್ತೂರು, ಯಸಳೂರು, ಹಾನುಬಾಳು ಕಡೆಯವರು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಬರುವುದೇ ಒಂದು ಪ್ರಯಾಣ. ಅಲ್ಲಿಂದ ಹಾಸನಕ್ಕೆ ಮತ್ತೆ ಸುಮಾರು 40 ಕಿಲೋಮೀಟರು. ಆಲೂರು, ಮಗ್ಗೆ, ಪಾಳ್ಯದ ಕಡೆಯವರಿಗೆ ಹಾಸನ ಹತ್ತಿರ, ಆದರೂ ತೋಟದೊಳಗಿನ ಮಣ್ಣುದಾರಿ ಎಲ್ಲರಿಗೂ ಒಂದೇ. ಹುಟ್ಟಿದ ಮೇಲೆ ಕೂಸನ್ನು ಬುಟ್ಟಿಯಲ್ಲಿ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲೇ ಸಾಗಿಸುವುದು ಎಷ್ಟೋ ಕ್ಷೇಮ. ಏಳನೆಯ ತಿಂಗಳಲ್ಲಿ ನೀರು ಹೋದರೆ, ಸೊಂಟ ಬಿಗಿದು ಬಿಗಿದು ಬಂದರೆ, ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ; ಆಶಾ ಕಾರ್ಯಕರ್ತೆಯನ್ನು ಎಬ್ಬಿಸಿ, 108ಕ್ಕೆ ಕರೆ ಮಾಡಿ.

ಬೇಗ ಹೋದರೆ ಏನು ಲಾಭ? ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಒಂದು ಅಗ್ಗದ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಬೇಗ ಮಾಗಿಸುತ್ತದೆ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ಇದನ್ನು ತೋರಿಸಿದರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ಬೆಳಗಾವಿಯನ್ನೂ ಒಳಗೊಂಡು ಐದು ದೇಶಗಳಲ್ಲಿ ನಡೆಸಿದ ಅಧ್ಯಯನ ಅದನ್ನು ದೃಢಪಡಿಸಿತು. ಆದರೆ ಆ ಮದ್ದು ಫಲಿಸುವುದು ಮಗುವಿಗೆ ಮುಂದಿನ ಆರೈಕೆಯಿರುವ ಆಸ್ಪತ್ರೆಯಲ್ಲಿ. ಚುಚ್ಚಿಸಿಕೊಂಡು ಮನೆಗೆ ಮರಳಿದರೆ ಪ್ರಯೋಜನವಿಲ್ಲ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ನವಜಾತ ಶಿಶುಗಳಿಗೆ ವಿಶೇಷ ಘಟಕವಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿನ ಚಿಕಿತ್ಸೆ, ಔಷಧ, ಸಾಗಾಟಗಳನ್ನು ಉಚಿತಗೊಳಿಸಿದ ಯೋಜನೆ 2011ರಲ್ಲೇ ಬಂದಿದೆ. ಇದನ್ನು ತಿಳಿಯದೆ ಮೊದಲೇ ಜಮೀನು ಅಡವಿಟ್ಟವರನ್ನು ಕಂಡಿದ್ದೇನೆ.

ಇನ್ನೊಂದು ಚಿಕಿತ್ಸೆಗೆ ಯಂತ್ರವೇ ಬೇಡ. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾದಲ್ಲಿ, ಇಂಕ್ಯುಬೇಟರ್‌ಗಳು ಸಾಲದೆ ಹೋದಾಗ, ವೈದ್ಯರು ಕೂಸುಗಳನ್ನು ತಾಯಂದಿರ ಬರಿ ಎದೆಗೆ ಅಂಟಿಸಿ ಕಟ್ಟಿದರು. ಇದನ್ನೇ ಕಾಂಗರೂ ಆರೈಕೆ ಎನ್ನುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರದೊಡನೆ ಬೆಂಗಳೂರಿನ ಸಂತ ಜಾನರ ಸಂಶೋಧನಾ ಸಂಸ್ಥೆಯವರು ಸೇರಿ ಇದನ್ನು ಹಳ್ಳಿಗಳವರೆಗೆ ಒಯ್ದರು. ಒಂದರಿಂದ 1.8 ಕಿಲೋ ತೂಕದ ಮಕ್ಕಳನ್ನು ಹುಟ್ಟಿದೊಡನೆಯೇ ಹೀಗೆ ಇಟ್ಟರೆ ಸಾವುಗಳು ಕಾಲುಭಾಗದಷ್ಟು ಕಡಿಮೆಯಾಗುತ್ತವೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದು ನಡೆದ ಐದು ಆಸ್ಪತ್ರೆಗಳಲ್ಲಿ ಒಂದು ದೆಹಲಿಯದು. ಒಂದರಿಂದ 1.8 ಕಿಲೋ ಎಂದು ಓದಿದಾಗ ನನ್ನ ಕೈಯಿಂದ ಕಾಗದ ಜಾರಿತು. ಆ ಲೈನ್ ಮನೆಯಲ್ಲಿ ಬುಟ್ಟಿಯ ಪಕ್ಕದಲ್ಲೇ ತಾಯಿ ಮಲಗಿದ್ದಳು. ಎರಡು ಮೊಳ ದೂರವಿರಲಿಲ್ಲ.

ಕೊನೆಗೆ, ಜ್ಞಾನಸ್ನಾನದ ವಿಷಯ. ಮರಣಾಪಾಯದಲ್ಲಿರುವ ಮಗುವಿಗೆ ಗುರುಗಳಿಗಾಗಿ ಕಾಯಬೇಕಿಲ್ಲ. ಸರಿಯಾದ ಉದ್ದೇಶವಿದ್ದರೆ ಯಾರೂ ಕೊಡಬಹುದು. ಆಸ್ಪತ್ರೆಯ ದಾದಿಯೂ ಕೊಡಬಹುದು, ಆಕೆ ಹಿಂದೂ ಆಗಲಿ ಮುಸ್ಲಿಮಳಾಗಲಿ ಅಡ್ಡಿಯಿಲ್ಲ. ಹೆಸರು ಹೇಳಿ, ತಲೆಯ ಮೇಲೆ ನೀರು ಹರಿಯುವಂತೆ ಹಾಕುತ್ತಾ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಕೊಡುತ್ತೇನೆಂದು ನುಡಿಯಬೇಕು. ಈ ಮಕ್ಕಳು ಬೇಗ ತಣ್ಣಗಾಗುತ್ತವೆ. ದಾದಿಯನ್ನು ಕೇಳಿ, ಶುದ್ಧವಾದ ಬೆಚ್ಚನೆಯ ನೀರನ್ನು ಸಿರಿಂಜಿನಲ್ಲಿ ತೆಗೆದು ಸ್ವಲ್ಪವೇ ಹಾಕಿದರೆ ಸಾಕು. ಬಳಿಕ ತಾರೀಖನ್ನೂ ಹೆಸರನ್ನೂ ನನಗೆ ತಿಳಿಸಿ.

ಜ್ಞಾನಸ್ನಾನವಿಲ್ಲದೆ ಹೋದವುಗಳ ಗತಿಯೇನೆಂದು ತಾಯಂದಿರು ಇಂದಿಗೂ ಕೇಳುತ್ತಾರೆ. ಹಿಂದಿನವರು ಲಿಂಬೋ ಎಂದು ಹೇಳಿ ಅವರನ್ನು ಅಳಿಸಿದರು. ಧರ್ಮೋಪದೇಶ ಗ್ರಂಥ ಆ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಅವುಗಳ ರಕ್ಷಣೆಯನ್ನು ನಿರೀಕ್ಷಿಸಲು ನಮಗೆ ಬಲವಾದ ಆಧಾರಗಳಿವೆಯೆಂದು ವಿವರವಾಗಿ ಬರೆಯಿತು. ತಂದೆತಾಯಿ ಜ್ಞಾನಸ್ನಾನ ಕೊಡಿಸಬೇಕೆಂದಿದ್ದ ಮಗು ಅದಕ್ಕೆ ಮುಂಚೆ ತೀರಿಕೊಂಡರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಕ್ರೈಸ್ತ ವಿಧಿಯಂತೆ ಅಂತ್ಯಸಂಸ್ಕಾರ ಮಾಡಬಹುದೆಂದು ಧರ್ಮಸಭೆಯ ಕಾನೂನಿನ 1183ನೆಯ ವಿಧಿ ಹೇಳುತ್ತದೆ. ಬೇಲಿಯ ಬದಿ ಈಗ ಯಾವ ಕೂಸಿಗೂ ಬೇಕಿಲ್ಲ.

ಹಲಸಿನ ಮರದ ಕೆಳಗಿನ ನೆಲವನ್ನು ಸವರಿಸಿ ಒಂದು ಶಿಲುಬೆಯನ್ನು ನೆಡಿಸಿದ್ದೇವೆ. ನವೆಂಬರ್ 2ರಂದು ಅಲ್ಲಿ ಬಲಿಪೂಜೆಯಿರುತ್ತದೆ. ಒಂದು ಹೊಸ ಪುಸ್ತಕವನ್ನೂ ಹೊಲಿಸಿ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಹೀಗೆ ಹೋದ ಕೂಸಿದ್ದರೆ, ಅದು ಅರವತ್ತು ವರ್ಷಗಳ ಹಿಂದಿನದಾದರೂ ಸರಿ, ಬಂದು ಹೇಳಿ. ಹೆಸರಿಟ್ಟಿರಲಿಲ್ಲವಾದರೆ ಈಗ ಹೇಳಿದ ಹೆಸರನ್ನೇ ಬರೆಯುತ್ತೇನೆ. ತಾರೀಖು ನೆನಪಿಲ್ಲದಿದ್ದರೆ ಯಾವ ಮಳೆಗಾಲವೆಂದಾದರೂ ಹೇಳಿ. ಶನಿವಾರ ಸಂಜೆ ನಾಲ್ಕರ ನಂತರ ನಾನು ಕಚೇರಿಯಲ್ಲಿ ಇರುತ್ತೇನೆ. ಮೊದಲ ಸಾಲಿನಲ್ಲಿ 1991ರ ಆ ಮಗುವಿನ ಹೆಸರಿದೆ. ಅವನ ಜ್ಞಾನಸ್ನಾನ ಬೇರೆ ಧರ್ಮಕೇಂದ್ರದ ಪುಸ್ತಕದಲ್ಲಿದ್ದರೂ ಇಲ್ಲಿಯೂ ಬರೆದಿದ್ದೇನೆ.